ಹದಿನಾಲ್ಕು ಕಂಪ್ಯೂಟರ್, ಇಪ್ಪತ್ತು ಸಂಪರ್ಕ: ಉಳಿದ ಆರು ಯಾರದು?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನಮ್ಮದು ಔಷಧಿ ಹೋಲ್‌ಸೇಲ್ ವ್ಯಾಪಾರ. ಗೋಡೌನ್ ಸೇರಿ 14 ಕಂಪ್ಯೂಟರ್ ಇವೆ. ಅವಲ್ಲದೆ ವಿಂಡೋಸ್ 11 ಪ್ರೊ ಇರುವ ಇನ್ನೊಂದು ಮಷೀನ್ ಇದೆ, ಅದನ್ನೇ ನಾವು ಸರ್ವರ್ ಅಂತೀವಿ. ಟ್ಯಾಲಿ ಡೇಟಾ, ಬಿಲ್ಲಿಂಗ್ ಸಾಫ್ಟ್‌ವೇರಿನ ಡೇಟಾ, ಎಕ್ಸೆಲ್ ಫೈಲು ಎಲ್ಲ ಅದರ ಶೇರ್ ಫೋಲ್ಡರಿನಲ್ಲೇ. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಯಾರಾದರೊಬ್ಬರಿಗೆ ಫೋಲ್ಡರ್ ತೆರೆಯುವುದಿಲ್ಲ. "ಈ ಕಂಪ್ಯೂಟರ್ ಒಪ್ಪುವಷ್ಟು ಸಂಪರ್ಕಗಳು ಆಗಲೇ ಆಗಿವೆ, ಇನ್ನು ಸಾಧ್ಯವಿಲ್ಲ" ಎಂಬರ್ಥದ ಮೆಸೇಜ್ ಬರುತ್ತದೆ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಮರುದಿನ ಅದೇ ರಗಳೆ. ಮಿತಿ 20 ಅಂತೆ, ನಮ್ಮಲ್ಲಿರುವುದೇ 14. ಯಾವ ಸಾಫ್ಟ್‌ವೇರ್ ಉಳಿದಿದ್ದನ್ನು ನುಂಗುತ್ತಿದೆ ಎಂದು ಪತ್ತೆ ಹಚ್ಚುವುದು ಹೇಗೆ? ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗ ರಿಜಿಸ್ಟ್ರಿಯಲ್ಲಿ ಒಂದು ನಂಬರ್ ಬದಲಿಸಿದರೆ ಆಯ್ತು ಅಂತಾನೆ. ಇನ್ನೊಬ್ಬರು ವಿಂಡೋಸ್ ಸರ್ವರ್ ಕೊಳ್ಳದೆ ಬೇರೆ ದಾರಿಯಿಲ್ಲ ಅಂತಾರೆ. ಸೆಷನ್ ಪಟ್ಟಿಯ ಫೋಟೋ ತೆಗೆದು ಕಳಿಸಿದ್ದೇನೆ.

ಉತ್ತರ: ಫೋಟೋ ಕಳಿಸಿ ಒಳ್ಳೆಯದು ಮಾಡಿದಿರಿ. ಮೊಬೈಲಿನಲ್ಲಿ ತೆಗೆದಿದ್ದರಿಂದ ಬಲಗಡೆಯ ಕಾಲಂ ಒಂದು ಕಟ್ ಆಗಿದೆ, ಆದರೂ ಸಾಲುಗಳನ್ನು ಎಣಿಸಲು ಅಡ್ಡಿಯಿಲ್ಲ. ಸರಿಯಾಗಿ 20 ಇವೆ. ಅಂದರೆ ವಿಂಡೋಸ್ ಲೆಕ್ಕ ತಪ್ಪಿಲ್ಲ, ನಿಮ್ಮ ಲೆಕ್ಕವೂ ತಪ್ಪಿಲ್ಲ. ಇಬ್ಬರೂ ಎಣಿಸುತ್ತಿರುವ ವಸ್ತು ಬೇರೆ ಬೇರೆ, ಅಷ್ಟೆ. ನೀವು ಮೇಜಿನ ಮೇಲಿರುವ ಕಂಪ್ಯೂಟರುಗಳನ್ನು ಎಣಿಸುತ್ತಿದ್ದೀರಿ, ವಿಂಡೋಸ್ ಸೆಷನ್‌ಗಳನ್ನು, ಅಂದರೆ ಸರ್ವರಿಗೆ ಆದ ಒಂದೊಂದು ಲಾಗಿನ್ನನ್ನು, ಎಣಿಸುತ್ತಿದೆ. ನಿಮ್ಮ ಪ್ರಶ್ನೆಯಲ್ಲಿರುವುದು ಮೂರನೆಯದು, ಸಾಫ್ಟ್‌ವೇರ್. ಅದನ್ನು ಸರ್ವರ್ ಎಣಿಸುವುದೇ ಇಲ್ಲ.

ಈ 20 ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇದು ಮಷೀನಿನ ತಾಕತ್ತಿನ ಮಿತಿಯಲ್ಲ, ಪರವಾನಗಿಯ ಮಿತಿ. ಎಕ್ಸ್‌ಪಿ ಕಾಲದಲ್ಲಿ ಪ್ರೊಫೆಷನಲ್‌ಗೆ 10, ಹೋಮ್‌ಗೆ 5 ಇತ್ತು. ವಿಂಡೋಸ್ 7 ಪ್ರೊಫೆಷನಲ್ ಬಂದಾಗ 20 ಆಯಿತು, 11ರ ತನಕ ಹಾಗೇ ಉಳಿದಿದೆ. ಫೈಲು, ಪ್ರಿಂಟರ್ ಇಂಥ ಹಂಚಿಕೆಗೆ 20 ಬೇರೆ ಸಾಧನಗಳು ಬರಬಹುದು ಎಂದು ಒಪ್ಪಂದದಲ್ಲೇ ಬರೆದಿದೆ. ಸರ್ವರ್ ಮಷೀನಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ನೆಟ್ ಕಾನ್ಫಿಗ್ ಸರ್ವರ್' ಎಂದು ಟೈಪ್ ಮಾಡಿದರೆ, ಲಾಗಾನ್ ಆಗಬಹುದಾದ ಗರಿಷ್ಠ ಬಳಕೆದಾರರು 20 ಎಂದು ಅದೇ ಹೇಳುತ್ತದೆ. ಇಪ್ಪತ್ತೊಂದನೆಯವರಿಗೆ ಸಿಗುವುದು ಸಿಸ್ಟಂ ಎರರ್ 71. ನಿಮಗೆ ಬರುತ್ತಿರುವುದು ಅದೇ.

ಇನ್ನು ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗದ ವಿಷಯ. ಹುಡುಗ ಸುಳ್ಳು ಹೇಳುತ್ತಿಲ್ಲ, ಎಲ್ಲೋ ಕೇಳಿದ್ದನ್ನು ಹೇಳುತ್ತಿದ್ದಾನೆ. ಲ್ಯಾನ್‌ಮ್ಯಾನ್ ಸರ್ವರ್ ಎಂಬ ಕೀಲಿಯಡಿ 'ಯೂಸರ್ಸ್' ಅಂತ ಒಂದು ನಂಬರ್ ಹಾಕಬಹುದು, ನಿಜ. ಅದರಿಂದ ಮಿತಿಯನ್ನು 20ಕ್ಕಿಂತ ಕೆಳಗೆ ಇಳಿಸಬಹುದು, ಮೇಲೆ ಏರಿಸಲು ಬರುವುದಿಲ್ಲ. ಈ ನಂಬಿಕೆಗೆ ಇನ್ನೊಂದು ಬೇರೂ ಇದೆ. 2004ರಲ್ಲಿ ಬಂದ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಲ್ಲಿ, ಪೂರ್ತಿಯಾಗದ ಟಿಸಿಪಿ (ಕಂಪ್ಯೂಟರುಗಳ ನಡುವೆ ಡೇಟಾ ಸಾಗಿಸುವ ಒಂದು ವಿಧಾನ) ಸಂಪರ್ಕಗಳು ಏಕಕಾಲಕ್ಕೆ ಹತ್ತಕ್ಕಿಂತ ಹೆಚ್ಚಾಗದಂತೆ ಮೈಕ್ರೋಸಾಫ್ಟ್ ಕಡಿವಾಣ ಹಾಕಿತ್ತು. ವೈರಸ್ ಹರಡುವ ವೇಗ ತಗ್ಗಿಸಲು ಮಾಡಿದ್ದು. ಟೊರೆಂಟ್ ಬಳಸುವವರು ಒಂದು ಸಿಸ್ಟಂ ಫೈಲಿಗೆ ಪ್ಯಾಚ್ ಹಾಕಿ ಅದನ್ನು ಬಿಡಿಸಿಕೊಂಡರು. ಆ ಪ್ಯಾಚಿನ ಕೀರ್ತಿ ಇಂದಿಗೂ ರಿಪೇರಿ ಅಂಗಡಿಗಳಲ್ಲಿ ಓಡಾಡುತ್ತಿದೆ. ಅದು ಹೊರಹೋಗುವ ಸಂಪರ್ಕದ ಕತೆ, ನಿಮ್ಮದು ಒಳಬರುವ ಸಂಪರ್ಕದ್ದು. ಎಕ್ಸ್‌ಪಿ ಕಾಲದಲ್ಲಿ ಎರಡಕ್ಕೂ ಹತ್ತು ಎಂಬ ಅಂಕಿ ಹೊಂದಿಕೊಂಡಿದ್ದೇ ಗೊಂದಲಕ್ಕೆ ಕಾರಣ. ಈಗ ಇಂಟರ್ನೆಟ್ಟಿನಲ್ಲಿ 'ಲಿಮಿಟ್ ರಿಮೂವರ್' ಎಂದು ಸಿಗುವ ಪುಕ್ಕಟೆ ಪ್ಯಾಚ್‌ಗಳನ್ನು, ಎಲ್ಲ ಲೆಕ್ಕಪತ್ರ ಇರುವ ಮಷೀನಿಗೆ ದಯವಿಟ್ಟು ಹಾಕಬೇಡಿ.

ಟ್ಯಾಲಿಯ ಮಲ್ಟಿ ಯೂಸರ್ ಲೈಸೆನ್ಸ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಟ್ಯಾಲಿಯವರ ಬಾಗಿಲು. ಅದನ್ನು ದಾಟಿ ಬಂದವರನ್ನೂ ವಿಂಡೋಸ್ ತನ್ನ ಬಾಗಿಲಲ್ಲಿ ಮತ್ತೆ ಎಣಿಸುತ್ತದೆ.

ಈಗ ಮುಖ್ಯ ವಿಷಯ: ಒಂದು ಕಂಪ್ಯೂಟರ್ ಎರಡು ಜಾಗ ಹಿಡಿಯುವುದು ಹೇಗೆ? ಒಂದೇ ಕಂಪ್ಯೂಟರಿನಲ್ಲಿ ಟ್ಯಾಲಿ, ಎಕ್ಸೆಲ್, ಬಿಲ್ಲಿಂಗ್ ಮೂರೂ ತೆರೆದಿದ್ದು, ಮೂರೂ ಒಂದೇ ಲಾಗಿನ್‌ನಿಂದ ಅದೇ ಸರ್ವರ್ ಹೆಸರಿಗೆ ಹೋದರೆ ಸೆಷನ್ ಒಂದೇ. ಹತ್ತು ಸಾಫ್ಟ್‌ವೇರ್ ತೆರೆದರೂ ಒಂದೇ. ಈ ಒಗ್ಗಟ್ಟು ಒಡೆಯುವುದು ಎರಡು ಸಂದರ್ಭಗಳಲ್ಲಿ.

ಮೊದಲನೆಯದು ಹೆಸರು. ಒಂದು ಡ್ರೈವನ್ನು ಸರ್ವರಿನ ಹೆಸರು ಕೊಟ್ಟು ಮ್ಯಾಪ್ ಮಾಡಿ (ಶೇರ್ ಫೋಲ್ಡರ್ ಡ್ರೈವಿನಂತೆ ಕಾಣುವ ಹಾಗೆ ಜೋಡಿಸಿ), ಇನ್ನೊಂದನ್ನು ಐಪಿ ನಂಬರ್ (ನೆಟ್‌ವರ್ಕಿನಲ್ಲಿ ಅದರ ವಿಳಾಸ) ಕೊಟ್ಟು ಮ್ಯಾಪ್ ಮಾಡಿದರೆ, ಆ ಕಂಪ್ಯೂಟರಿನ ದೃಷ್ಟಿಯಲ್ಲಿ ಅವು ಎರಡು ಬೇರೆ ಸರ್ವರುಗಳು. ಹಾಗಾಗಿ ಎರಡು ಸಲ ಲಾಗಿನ್ ಆಗುತ್ತದೆ. ಇದನ್ನು ಬೇಕೆಂದೇ ಮಾಡುವವರೂ ಇದ್ದಾರೆ. ಒಂದೇ ಸರ್ವರಿಗೆ ಎರಡು ಬೇರೆ ಯೂಸರ್ ಹೆಸರಿನಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ, 1219 ಎಂಬ ಎರರ್ ಕೊಡುತ್ತದೆ. ಅದರಿಂದ ಪಾರಾಗಲು ಟೆಕ್ನಿಷಿಯನ್‌ಗಳು ಎರಡನೆಯದಕ್ಕೆ ಐಪಿ ಹಾಕಿಬಿಡುತ್ತಾರೆ. ಕೆಲಸ ಆಗುತ್ತದೆ, ಬಿಲ್ ಕೊಟ್ಟು ಹೋಗುತ್ತಾರೆ, ಒಂದು ಜಾಗ ಕಾಯಂ ಹೋಗುತ್ತದೆ. ನಾನೂ ಹೊಸದರಲ್ಲಿ ಹೀಗೆ ಮಾಡಿದ್ದೇನೆ, ಅಡಗಿಸುವುದೇಕೆ.

ಎರಡನೆಯದು ಬಹಳ ಜನರ ಕಣ್ಣಿಗೆ ಬೀಳದ್ದು. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರುಗಳಿಗೆ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂದು ಟಿಕ್ ಹಾಕಿರುತ್ತಾರೆ, ಇಲ್ಲದಿದ್ದರೆ ಓಡುವುದಿಲ್ಲವೆಂದು. ಹಾಗೆ ಓಡುವ ಪ್ರೋಗ್ರಾಂ, ಕುರ್ಚಿಯಲ್ಲಿ ಕೂತವರು ಒಬ್ಬರೇ ಆದರೂ, ವಿಂಡೋಸ್ ಒಳಗೆ ಬೇರೆಯದೇ ಲಾಗಾನ್ ಆಗಿ ನಿಲ್ಲುತ್ತದೆ. ಸಾಮಾನ್ಯವಾಗಿ ತೆರೆದ ಎಕ್ಸೆಲ್ ಒಂದು ಸೆಷನ್, ಅಡ್ಮಿನ್ ಆಗಿ ತೆರೆದ ಬಿಲ್ಲಿಂಗ್ ಇನ್ನೊಂದು ಸೆಷನ್. ಪಟ್ಟಿಯಲ್ಲಿ ಎರಡು ಸಾಲೂ ಒಂದೇ ಐಪಿ, ಒಂದೇ ಯೂಸರ್. ನೋಡಿದವರು ಇದು ವಿಂಡೋಸಿನ ಬಗ್ ಎಂದುಕೊಳ್ಳುತ್ತಾರೆ. ಅಡ್ಮಿನ್ ಆಗಿ ತೆರೆದಾಗ ಮ್ಯಾಪ್ ಮಾಡಿದ ಡ್ರೈವ್ ಕಾಣುವುದಿಲ್ಲ ಎಂಬ ದೂರು ಕೇಳಿದ್ದೀರಾ? ಅದರ ಮೂಲವೂ ಇದೇ.

ಹಾಗಾದರೆ ಪತ್ತೆ ಹೇಗೆ? ಎರಡೂ ತುದಿಯಿಂದ ನೋಡಬೇಕು. ಮೊದಲು ಸರ್ವರ್ ತುದಿ. ರನ್ ಬಾಕ್ಸಿನಲ್ಲಿ 'ಎಫ್‌ಎಸ್‌ಎಂಜಿಎಂಟಿ ಡಾಟ್ ಎಂಎಸ್‌ಸಿ' ಎಂದು ಕೊಟ್ಟರೆ ನೀವು ಫೋಟೋ ತೆಗೆದ ಕಿಟಕಿಯೇ ತೆರೆಯುತ್ತದೆ. ಅದರಲ್ಲಿ ಸೆಷನ್ಸ್ ಜೊತೆಗೆ ಓಪನ್ ಫೈಲ್ಸ್ ಎಂಬ ಇನ್ನೊಂದು ಫೋಲ್ಡರ್ ಇದೆ. ಎಲ್ಲರೂ ಸೆಷನ್ಸ್ ನೋಡಿ ಮುಚ್ಚಿಬಿಡುತ್ತಾರೆ, ಕಳ್ಳ ಸಿಗುವುದು ಓಪನ್ ಫೈಲ್ಸ್‌ನಲ್ಲಿ. ಸರ್ವರಿಗೆ ಸಾಫ್ಟ್‌ವೇರಿನ ಹೆಸರು ಗೊತ್ತಿಲ್ಲದಿದ್ದರೂ ಯಾವ ಫೈಲನ್ನು ಯಾರು ಹಿಡಿದಿದ್ದಾರೆ ಎಂಬುದು ಗೊತ್ತು. ಅಂಕಿಗಳೇ ಹೆಸರಾಗಿರುವ ಫೋಲ್ಡರಿನೊಳಗಿನ ಫೈಲಾದರೆ ಟ್ಯಾಲಿ. ಡಿಬಿಎಫ್ ಎಂದು ಕೊನೆಯಾದರೆ ನಿಮ್ಮ ಬಿಲ್ಲಿಂಗ್. ಟಿಲ್ಡೆ ಮತ್ತು ಡಾಲರ್ ಚಿಹ್ನೆಯಿಂದ ಶುರುವಾಗುವ ಫೈಲು ಎಕ್ಸೆಲ್ ಅಥವಾ ವರ್ಡ್ ಹಾಕಿಕೊಂಡ ಬೀಗ. ಫೈಲಿನ ಜಾಗದಲ್ಲಿ 'ಸ್ಪೂಲ್ಸ್' ಎಂಬ ಪೈಪ್ ಹೆಸರು ಕಂಡರೆ ಅದು ಸರ್ವರಿಗೆ ಹಾಕಿದ ಪ್ರಿಂಟರನ್ನು ವಿಚಾರಿಸಲು ಬಂದವರು.

ಜೊತೆಗೆ ಐಡಲ್ ಟೈಮ್ (ಸುಮ್ಮನಿದ್ದ ಸಮಯ) ಕಾಲಂ ನೋಡಿ. ಯಾವ ಫೈಲೂ ತೆರೆದಿಲ್ಲ, ಐಡಲ್ ಟೈಮ್ ಏರುತ್ತಲೇ ಇದೆ ಎಂದಾದರೆ ಆ ಸೆಷನ್ ತಾನಾಗಿ ಕಳಚಿಕೊಳ್ಳುತ್ತದೆ, ಅದಕ್ಕೆ ಸಾಮಾನ್ಯ ಗಡುವು 15 ನಿಮಿಷ. ಯಾವ ಫೈಲೂ ತೆರೆದಿಲ್ಲ, ಆದರೂ ಐಡಲ್ ಟೈಮ್ ಪದೇ ಪದೇ ಸೊನ್ನೆಗೆ ಬರುತ್ತಿದೆ ಎಂದರೆ ಯಾವುದೋ ಪ್ರೋಗ್ರಾಂ ಸುಮ್ಮನೆ ಬಾಗಿಲು ತಟ್ಟುತ್ತಿದೆ. ನಿಜವಾದ ಗಿರಾಕಿಗಳಲ್ಲದವರು ಹೆಚ್ಚಾಗಿ ಸಿಕ್ಕಿಬೀಳುವುದು ಈ ಎರಡನೇ ಗುಂಪಿನಲ್ಲಿ. ಪಟ್ಟಿಯನ್ನು ಫೈಲಾಗಿ ಉಳಿಸಿಕೊಳ್ಳಬೇಕಾದರೆ ಪವರ್‌ಶೆಲ್ ಅನ್ನು ಅಡ್ಮಿನ್ ಆಗಿ ತೆರೆದು 'ಗೆಟ್ ಎಸ್‌ಎಂಬಿ ಸೆಷನ್', 'ಗೆಟ್ ಎಸ್‌ಎಂಬಿ ಓಪನ್‌ಫೈಲ್' ಎಂಬ ಎರಡು ಕಮಾಂಡುಗಳಿವೆ. ಗೆಟ್ ಆದ ಮೇಲೆ ಅಡ್ಡಗೆರೆ, ಉಳಿದಿದ್ದೆಲ್ಲ ಕೂಡಿಸಿ ಬರೆಯಬೇಕು.

ಇನ್ನು ಬಳಕೆದಾರರ ತುದಿ. ಇಲ್ಲಿ ಅನುಭವಸ್ಥರೂ ಎಡವುತ್ತಾರೆ. 'ನೆಟ್‌ಸ್ಟಾಟ್' ಕೊಟ್ಟರೆ ಯಾವ ಪ್ರೋಗ್ರಾಂ ಯಾವ ಸಂಪರ್ಕ ಹಿಡಿದಿದೆ ಎಂದು ಗೊತ್ತಾಗುತ್ತದೆ ಎನ್ನುವುದು ರೂಢಿಯ ಮಾತು. ಫೈಲ್ ಶೇರಿಂಗ್ ಪೋರ್ಟ್ 445ರ ವಿಷಯದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಯಾವಾಗ ನೋಡಿದರೂ ಪ್ರೋಸೆಸ್ ನಂಬರ್ 4, ಹೆಸರು 'ಸಿಸ್ಟಂ' ಎಂದೇ ಬರುತ್ತದೆ. ಟ್ಯಾಲಿಯಾಗಲಿ ಎಕ್ಸೆಲ್ ಆಗಲಿ ತಾವೇ ಸರ್ವರಿಗೆ ಹೋಗುವುದಿಲ್ಲ. ವಿಂಡೋಸಿನ ಒಳತಿರುಳಿಗೆ ಫೈಲು ಬೇಕೆಂದು ಹೇಳುತ್ತವೆ, ತರುವುದು ಅದು. ಹಾಗಾಗಿ ಪ್ರೋಸೆಸ್ 4 ವೈರಸ್ ಎಂದು ಫಾರ್ಮ್ಯಾಟ್ ಹೊಡೆಸುವುದು ಬೇಡ. ಹಾಗೆ ಹೊಡೆಸಿದ ಒಂದು ಕಚೇರಿಯನ್ನು ನಾನು ಬಲ್ಲೆ.

ಇದಕ್ಕೆ ಸರಿಯಾದ ಸಾಧನ ಪ್ರೋಸೆಸ್ ಎಕ್ಸ್‌ಪ್ಲೋರರ್. ಮೈಕ್ರೋಸಾಫ್ಟ್ 2006ರಲ್ಲಿ ಕೊಂಡುಕೊಂಡ ಸಿಸ್‌ಇಂಟರ್ನಲ್ಸ್ ಬಳಗದ್ದು, ಉಚಿತ. ಅಡ್ಮಿನ್ ಆಗಿ ತೆರೆದು, ಫೈಂಡ್ ಮೆನುವಿನಲ್ಲಿ 'ಫೈಂಡ್ ಹ್ಯಾಂಡಲ್ ಆರ್ ಡಿಎಲ್‌ಎಲ್' ಒತ್ತಿ, ನಿಮ್ಮ ಶೇರ್ ಫೋಲ್ಡರಿನ ಹೆಸರು ಕೊಟ್ಟು ಹುಡುಕಿ. ಆ ಫೋಲ್ಡರಿನ ಫೈಲನ್ನು ಹಿಡಿದ ಪ್ರೋಗ್ರಾಂಗಳ ಹೆಸರು ಸಾಲಾಗಿ ಬರುತ್ತವೆ. ಫೈಲು ಹಿಡಿದುಕೊಳ್ಳದೆ ಬರೀ ಇಣುಕಿ ಹೋಗುವವರನ್ನು ಹಿಡಿಯಲು ಅದೇ ಬಳಗದ ಪ್ರೋಸೆಸ್ ಮಾನಿಟರ್ ಬೇಕು. ಪಾತ್ ಕಾಲಂಗೆ ಸರ್ವರಿನ ಹೆಸರಿನ ಫಿಲ್ಟರ್ ಹಾಕಿ ಹತ್ತು ನಿಮಿಷ ಬಿಡಿ. ಕೆಲವೊಮ್ಮೆ ಆ್ಯಂಟಿವೈರಸ್, ಕೆಲವೊಮ್ಮೆ ಫೋಲ್ಡರ್ ಕಿಟಕಿ ತೆರೆದಿಟ್ಟು ಮರೆತವರ ಎಕ್ಸ್‌ಪ್ಲೋರರ್ ಸಿಗುತ್ತದೆ. ಎರಡು ಹೆಸರಿನ ಕಾಯಿಲೆ ಇದೆಯೋ ನೋಡಲು ಆ ಕಂಪ್ಯೂಟರಿನಲ್ಲೇ 'ಗೆಟ್ ಎಸ್‌ಎಂಬಿ ಕನೆಕ್ಷನ್' ಸಾಕು. ಸರ್ವರ್ ಹೆಸರಿನ ಕಾಲಂನಲ್ಲಿ ಒಂದು ಕಡೆ ಹೆಸರು, ಇನ್ನೊಂದು ಕಡೆ ಐಪಿ ಕಂಡರೆ ರೋಗ ಸಿಕ್ಕಂತೆ.

ಇಷ್ಟು ಇಟ್ಟುಕೊಂಡು ನಿಮ್ಮ ಫೋಟೋಗೆ ಬರೋಣ. ನಿಮ್ಮ 14 ಕಂಪ್ಯೂಟರುಗಳಿಗೆ ಒಂದೊಂದು ಸಾಲು ಇದೆ. ಕೌಂಟರಿನ ಎರಡು ಕಂಪ್ಯೂಟರುಗಳು ಎರಡೆರಡು ಸಲ ಬಂದಿವೆ, ಅದೇ ಐಪಿ, ಅದೇ ಯೂಸರ್. ಬಿಲ್ಲಿಂಗ್ ಐಕಾನಿನ ಪ್ರಾಪರ್ಟೀಸ್ ತೆರೆದು ನೋಡಿ, ಅಡ್ಮಿನಿಸ್ಟ್ರೇಟರ್ ಟಿಕ್ ಇರುವ ಸಾಧ್ಯತೆಯೇ ಹೆಚ್ಚು. ಗೋಡೌನಿನದೂ ಎರಡು ಸಲ ಬಂದಿದೆ, ಆದರೆ ಯೂಸರ್ ಬೇರೆ ಬೇರೆ. ಇದು ಐಪಿ ಉಪಾಯದ ಗುರುತು. ಡೇಟಾ ಒಂದು ಹೆಸರಿನಲ್ಲಿ, ಪ್ರಿಂಟರ್ ಇನ್ನೊಂದು ಹೆಸರಿನಲ್ಲಿ ಹಾಕಿರಬಹುದು. ಅಲ್ಲಿಗೆ 17. 'ಸ್ಕ್ಯಾನ್' ಎಂಬ ಯೂಸರ್ ನಿಮ್ಮ ಜೆರಾಕ್ಸ್ ಮಷೀನ್. ಸ್ಕ್ಯಾನ್ ಮಾಡಿದ್ದನ್ನು ಶೇರ್ ಫೋಲ್ಡರಿಗೆ ಹಾಕುವ ಈ ಮಷೀನುಗಳಲ್ಲಿ ಕೆಲವು, ಕೆಲಸ ಮುಗಿದ ಮೇಲೂ ಸಂಪರ್ಕ ಬಿಡುವುದಿಲ್ಲ. 'ಬ್ಯಾಕಪ್' ಎಂಬ ಯೂಸರ್ ಬಹುಶಃ ನಾಸ್ ಡಬ್ಬಿ, ಅಂದರೆ ಫೈಲು ಇಡಲು ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ. ಕೊನೆಯ ಸಾಲಿನಲ್ಲಿ ಒಂದು ಐಪಿ ಮಾತ್ರ ಇದೆ, ಅದು ಉಳಿದವುಗಳ ಸರಣಿಗೆ ಸೇರಿಲ್ಲ, ವೈಫೈನಿಂದ ಬಂದಂತಿದೆ. ರೂಟರಿನ ಪಟ್ಟಿಯಲ್ಲಿ ಆ ಐಪಿ ಯಾರದೆಂದು ನೋಡಿ. ಇತ್ತೀಚಿನ ಮೊಬೈಲುಗಳು ಮ್ಯಾಕ್ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಸಾಧನದ ಗುರುತು ಸಂಖ್ಯೆ) ಬದಲಿಸಿಕೊಂಡು ಬರುವುದರಿಂದ, ವಿಳಾಸ ನೋಡಿ ಕಂಪನಿ ಹೇಳುವ ಹಳೆಯ ವಿದ್ಯೆ ಅವುಗಳ ಮೇಲೆ ನಡೆಯದು. ಯಾರಾದರೂ ಮೊಬೈಲಿನ ಫೈಲ್ ಮ್ಯಾನೇಜರಿನಲ್ಲಿ ಸರ್ವರ್ ಫೋಲ್ಡರ್ ಸೇರಿಸಿಕೊಂಡಿದ್ದಾರಾ ಎಂದು ನೇರವಾಗಿ ಕೇಳುವುದೇ ಸುಲಭ. ಇಂಥ ಮೊಬೈಲ್ ಎಷ್ಟೋ ಸಲ ಯಜಮಾನರದ್ದೇ ಆಗಿರುತ್ತದೆ.

ರೀಸ್ಟಾರ್ಟ್ ಮಾಡಿದರೆ ಸರಿಹೋಗುವುದಕ್ಕೂ ಇಲ್ಲಿ ಉತ್ತರವಿದೆ. ರೀಸ್ಟಾರ್ಟ್ ಎಲ್ಲರನ್ನೂ ಹೊರಹಾಕುತ್ತದೆ. ಬೆಳಿಗ್ಗೆ ಹುಡುಗರು ಬರುತ್ತಾರೆ, ಕೌಂಟರಿನವರು ಬಿಲ್ಲಿಂಗ್ ತೆರೆಯುತ್ತಾರೆ, ಆಮೇಲೆ ಸ್ಕ್ಯಾನ್ ಶುರುವಾಗುತ್ತದೆ, ಬ್ಯಾಕಪ್ ತನ್ನ ಸಮಯಕ್ಕೆ ಬರುತ್ತದೆ. ಹನ್ನೊಂದರ ಹೊತ್ತಿಗೆ ಜಾಗ ಭರ್ತಿ. ಆಗ ತಡವಾಗಿ ಬಂದವರು ಅಥವಾ ಟೀಗೆ ಹೋಗಿ ಬಂದವರು ಹೊರಗೆ ಉಳಿಯುತ್ತಾರೆ, ಯಾರೆಂಬುದು ದಿನಕ್ಕೊಬ್ಬರು.

ಸೆಷನ್ ಮೇಲೆ ರೈಟ್ ಕ್ಲಿಕ್ ಮಾಡಿ ಕ್ಲೋಸ್ ಮಾಡಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಮಾಡಬಹುದು, ಆದರೆ ಫೈಲು ತೆರೆದಿರುವ ಸೆಷನ್ ಮುಟ್ಟಬೇಡಿ. ಬಿಲ್ ಬರೆಯುತ್ತಿರುವ ಹೊತ್ತಿಗೆ ಕತ್ತರಿಸಿದರೆ ಡಿಬಿಎಫ್ ಇಂಡೆಕ್ಸ್ ಕೆಡುತ್ತದೆ, ಟ್ಯಾಲಿ ಡೇಟಾ ರಿಪೇರಿ ಕೇಳುತ್ತದೆ. ತೆರೆದ ಫೈಲು ಸೊನ್ನೆ ಎಂದಿರುವ ಸಾಲನ್ನು ಮಾತ್ರ ಮುಚ್ಚಿ, ಅದೂ ಯಾರದೆಂದು ತಿಳಿದ ಮೇಲೆ. 15 ನಿಮಿಷದ ಗಡುವನ್ನು 'ನೆಟ್ ಕಾನ್ಫಿಗ್ ಸರ್ವರ್' ಕಮಾಂಡಿಗೆ 'ಆಟೋಡಿಸ್‌ಕನೆಕ್ಟ್' ಎಂಬ ಬಾಲ ಸೇರಿಸಿ 5ಕ್ಕೆ ಇಳಿಸಬಹುದು. ಸುಮ್ಮನೆ ಕೂತವರು ಬೇಗ ಜಾಗ ಬಿಡುತ್ತಾರೆ, ಮತ್ತೆ ಕ್ಲಿಕ್ ಮಾಡಿದಾಗ ಜಾಗವಿದ್ದರೆ ತಾನಾಗಿ ಸೇರಿಕೊಳ್ಳುತ್ತಾರೆ. ಮ್ಯಾಪ್ ಡ್ರೈವಿನ ಮೇಲೆ ಕೆಂಪು ಗುರುತು ಕಂಡು ಫೋನ್ ಮಾಡುವವರು ಹೆಚ್ಚಾಗುತ್ತಾರೆ ಎಂಬುದೊಂದು ಕಿರಿಕಿರಿ. ಫೈಲು ತೆರೆದಿಟ್ಟುಕೊಂಡವರ ಮೇಲೆ ಈ ಗಡುವಿನ ಆಟ ನಡೆಯದು. ಆದ್ದರಿಂದ ಟ್ಯಾಲಿ ತೆರೆದು ಊಟಕ್ಕೆ ಹೋಗುವ ಅಭ್ಯಾಸವನ್ನು ಬಾಯಿಮಾತಿನಲ್ಲೇ ಬಿಡಿಸಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಖರ್ಚಿಲ್ಲದ ಕೆಲಸ ಮೊದಲು ಮಾಡುತ್ತೇನೆ. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಹೆಸರಿನಿಂದ, ಒಂದೇ ಯೂಸರಿನಿಂದ ಮ್ಯಾಪ್ ಮಾಡುವುದು. ಜೆರಾಕ್ಸ್ ಮಷೀನಿನ ಸ್ಕ್ಯಾನ್ ಸರ್ವರಿಗೆ ಬರುವ ಬದಲು ಆ ನಾಸ್ ಡಬ್ಬಿಗೆ ಹೋಗಲಿ. ಪ್ರಿಂಟರಿಗೆ ನೆಟ್‌ವರ್ಕ್ ಕೇಬಲ್ ಹಾಕುವ ಜಾಗವಿದ್ದರೆ ಪ್ರತಿ ಕಂಪ್ಯೂಟರಿನಿಂದ ನೇರವಾಗಿ ಅದಕ್ಕೇ ಕೊಡಿ, ಸರ್ವರ್ ಮಧ್ಯೆ ಬರಬೇಕಿಲ್ಲ. ಬ್ಯಾಕಪ್ ರಾತ್ರಿಗೆ ಹೋಗಲಿ. ಅಡ್ಮಿನ್ ಟಿಕ್ ತೆಗೆಯುವ ಮುಂಚೆ ಬಿಲ್ಲಿಂಗ್ ಸಾಫ್ಟ್‌ವೇರಿನವರನ್ನು ಕೇಳಿ. ಎಷ್ಟೋ ಸಲ ಅದರ ಫೋಲ್ಡರಿಗೆ ಬರೆಯುವ ಅನುಮತಿ ಕೊಟ್ಟರೆ ಟಿಕ್ ಇಲ್ಲದೆಯೂ ಓಡುತ್ತದೆ. ಇಷ್ಟು ಆದರೆ ನೀವು 14 ಅಥವಾ 15ಕ್ಕೆ ಇಳಿಯುತ್ತೀರಿ.

ವ್ಯಾಪಾರ ಬೆಳೆದು 18, 19 ಕಂಪ್ಯೂಟರ್ ಆಗುವ ಲಕ್ಷಣವಿದ್ದರೆ ಮಾತ್ರ ಕೊಳ್ಳುವ ಮಾತು. ವಿಂಡೋಸ್ ಸರ್ವರ್ ಎಸೆನ್ಷಿಯಲ್ಸ್ ಎಂಬ ಚಿಕ್ಕ ಆವೃತ್ತಿಗೆ 25 ಬಳಕೆದಾರರು, 50 ಸಾಧನಗಳವರೆಗೆ ಬೇರೆ ಕ್ಯಾಲ್ (ಸರ್ವರ್ ಬಳಸುವವರಿಗೆ ಕೊಳ್ಳಬೇಕಾದ ಪರವಾನಗಿ) ಬೇಕಿಲ್ಲ. ಸ್ಟ್ಯಾಂಡರ್ಡ್ ಆವೃತ್ತಿಯಾದರೆ ಕನಿಷ್ಠ 16 ಕೋರ್‌ಗಳ ಲೈಸೆನ್ಸ್, ಅದರ ಮೇಲೆ ತಲೆಗೊಂದು ಅಥವಾ ಸಾಧನಕ್ಕೊಂದು ಕ್ಯಾಲ್. ಕೊಟೇಶನ್ನಿನಲ್ಲಿ ಕ್ಯಾಲ್ ಸೇರಿದೆಯೇ ಎಂದು ಒಂದು ಸಲ ಕೇಳಿ ನೋಡಿ. ಇಲ್ಲದ ಕೊಟೇಶನ್ ಅಗ್ಗವಾಗಿ ಕಾಣುವುದು ಸಹಜ. ಫೈಲ್ ಹಂಚಿಕೆಯಲ್ಲಿ ಸರ್ವರ್ ಆವೃತ್ತಿ ಕ್ಯಾಲ್ ಎಣಿಸಿ ಯಾರನ್ನೂ ತಡೆಯುವುದಿಲ್ಲ, ಲೆಕ್ಕ ಇಟ್ಟುಕೊಳ್ಳುವ ಹೊಣೆ ನಿಮ್ಮದೇ. ಇನ್ನೊಂದು ದಾರಿ, ಡೇಟಾವನ್ನೇ ಒಂದು ಒಳ್ಳೆಯ ನಾಸ್‌ಗೆ ಅಥವಾ ಲಿನಕ್ಸ್ ಮಷೀನಿಗೆ ಒಯ್ಯುವುದು. ಅವು ಬಳಸುವ ಸಾಂಬಾ ಎಂಬ ಫೈಲ್ ಹಂಚಿಕೆ ಸಾಫ್ಟ್‌ವೇರಿನಲ್ಲಿ ಇಂಥ ಪರವಾನಗಿ ಮಿತಿಯಿಲ್ಲ. ಆದರೆ ಹಳೆಯ ಡಿಬಿಎಫ್ ಸಾಫ್ಟ್‌ವೇರ್ ಫೈಲ್ ಬೀಗದ ವಿಷಯದಲ್ಲಿ ಬಲು ಸೂಕ್ಷ್ಮ, ಬೀಗದ ಸೆಟ್ಟಿಂಗ್ ಸರಿಯಿಲ್ಲದಿದ್ದರೆ ಇಬ್ಬರು ಒಟ್ಟಿಗೆ ಬಿಲ್ ಹಾಕಿದಾಗ ಎಡವಟ್ಟಾಗುತ್ತದೆ. ಎರಡು ವಾರ ನಕಲು ಡೇಟಾ ಇಟ್ಟು ಪರೀಕ್ಷಿಸದೆ ಒಯ್ಯಬೇಡಿ. ಸರ್ವರಿಗೆ ರಿಮೋಟ್ ಡೆಸ್ಕ್‌ಟಾಪ್ ಪ್ಯಾಚ್ ಹಾಕಿ ಎಲ್ಲರನ್ನೂ ಅದರೊಳಗೇ ಕೂರಿಸುವ ಸಲಹೆಯೂ ಬರಬಹುದು. ಅದು ಲೈಸೆನ್ಸ್ ಉಲ್ಲಂಘನೆ, ಪ್ರತಿ ದೊಡ್ಡ ಅಪ್‌ಡೇಟಿಗೂ ಮುರಿದು ಬೀಳುವ ವ್ಯವಸ್ಥೆ ಬೇರೆ.

ಮುಂದೆ ನಿಮ್ಮ ಬಿಲ್ಲಿಂಗ್‌ನವರು ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಬಳಸುವ ಆವೃತ್ತಿ ಕೊಟ್ಟರೆ ಈ ಪತ್ತೇದಾರಿಕೆ ಬಹಳ ಹಗುರವಾಗುತ್ತದೆ. ಅಲ್ಲಿ ಡೇಟಾಬೇಸಿಗೆ ಸಾಫ್ಟ್‌ವೇರಿನ ಹೆಸರೇ ತಿಳಿದಿರುತ್ತದೆ: 'ಎಸ್‌ಪಿ ಹೂ2' ಎಂದು ಕೇಳಿದರೆ ಕಂಪ್ಯೂಟರ್, ಯೂಸರ್, ಪ್ರೋಗ್ರಾಂ ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ. ಪ್ರೋಗ್ರಾಂ ಕಾಲಂ ತುಂಬ ಒಂದೇ ಸಾಮಾನ್ಯ ಹೆಸರಿದ್ದರೆ ಸಾಫ್ಟ್‌ವೇರ್ ಬರೆದವರು ತಮ್ಮ ಹೆಸರು ಹಾಕಿಲ್ಲ ಎಂದರ್ಥ, ಹಾಕಿಕೊಡಿ ಎಂದು ಕೇಳಿ; ಅವರಿಗೆ ಅದು ಒಂದು ಸಾಲಿನ ಕೆಲಸ. ಸಂಪರ್ಕ ಟಿಸಿಪಿ ಮೂಲಕ ಇರಲಿ. ನೇಮ್ಡ್ ಪೈಪ್ಸ್ ಎಂದು ಹಾಕಿದರೆ ಅದು ಫೈಲ್ ಶೇರಿಂಗ್ ದಾರಿಯಲ್ಲೇ ಬಂದು ಮತ್ತೆ ಇದೇ 20ರ ಸಾಲಿನಲ್ಲಿ ನಿಲ್ಲುತ್ತದೆ.

ಸದ್ಯಕ್ಕೆ ಹೆಸರುಗಳನ್ನು ಒಂದು ಮಾಡಿ, ಕೌಂಟರಿನ ಎರಡು ಐಕಾನ್ ನೋಡಿ, ಆ ವೈಫೈ ಐಪಿ ಯಾರದೆಂದು ವಿಚಾರಿಸಿ. ಆಮೇಲೆ ಒಂದು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸೆಷನ್ಸ್‌ನದೂ ಓಪನ್ ಫೈಲ್ಸ್‌ನದೂ ಇನ್ನೊಂದು ಫೋಟೋ ಕಳಿಸಿ. ಈ ಸಲ ಐಡಲ್ ಟೈಮ್ ಕಾಲಂ ಕಟ್ ಆಗದಿರಲಿ.